ಓದುಗರ ಪ್ರಶ್ನೆ: ಇಲಿ, ಮಂಗ ಮತ್ತು ಕೊರೊನಾದ ಟಿ ಕೋಶಗಳು

ಇಲಿಗೆ ಕೊರೊನಾ ತಗಲುವುದಿಲ್ಲ ಎಂದು ಓದಿದ್ದೇನೆ. ಹಾಗಿದ್ದರೂ ಟಿ ಕೋಶಗಳ (ಸೋಂಕನ್ನು ಗುರುತಿಸಿ ಹೋರಾಡುವ ಬಿಳಿ ರಕ್ತಕಣಗಳ) ಪ್ರಯೋಗ ಇಲಿಯ ಮೇಲೇ ಯಾಕೆ?
– ಬಿ.ಎಸ್ಸಿ. ವಿದ್ಯಾರ್ಥಿನಿ, ಶಿರಸಿ

2020ರ ಮೂಲ ವೈರಾಣುವಿನ ಮಟ್ಟಿಗೆ ನೀವು ಓದಿದ್ದು ಸರಿ. ಅದರ ಮೇಲ್ಮೈಯ ಸ್ಪೈಕ್ ಪ್ರೋಟೀನು, ವೈರಾಣು ಕೋಶದೊಳಗೆ ಹೊಗಲು ಹಿಡಿಯುವ ಎಸಿಇ2 ಎಂಬ ಪ್ರೋಟೀನಿನ ಇಲಿಯ ರೂಪಕ್ಕೆ ಗಟ್ಟಿಯಾಗಿ ಅಂಟುವುದಿಲ್ಲ. ಸ್ಪೈಕಿನ 501ನೇ ಜಾಗ ಬದಲಾದ ಬೀಟಾದಂಥ ತಳಿಗಳು ಮಾಮೂಲಿ ಇಲಿಗೂ ತಗಲುತ್ತವೆ. ಮೂಲ ತಳಿಗೆ ಬಳಸುವುದು ಮನುಷ್ಯನ ಎಸಿಇ2 ವಂಶವಾಹಿ ಸೇರಿಸಿದ ಕೆ18 ಇಲಿ. ಹಳೆಯ ಸಾರ್ಸ್‌ಗಾಗಿ 2007ರಲ್ಲೇ ಬಂದದ್ದು. ಇದರಲ್ಲಿ ಸೋಂಕು ಮಿದುಳಿಗೂ ಏರುತ್ತದೆ, ಎಷ್ಟೋ ಇಲಿಗಳು ಸಾಯುವುದು ಅದರಿಂದಲೇ. ತೂಕ ಇಳಿದದ್ದನ್ನಷ್ಟೇ ನೋಡಿ ಶ್ವಾಸಕೋಶದ ಟಿ ಕೋಶಗಳ ಬಗ್ಗೆ ತೀರ್ಪು ಕೊಡುವವರು ಎಡವುವುದು ಇಲ್ಲಿ.

ಸಿರಿಯನ್ ಹ್ಯಾಮ್‌ಸ್ಟರ್‌ಗೆ ಸೋಂಕು ತಾನಾಗಿಯೇ ತಗಲುತ್ತದೆ. ವಾರದ ಹೊತ್ತಿಗೆ ತೂಕ ಇಳಿದು, ಎರಡನೇ ವಾರ ಚೇತರಿಸಿಕೊಳ್ಳುತ್ತದೆ. ಆದರೆ ಅದರ ಟಿ ಕೋಶ ಗುರುತಿಸುವ ಆಂಟಿಬಾಡಿಗಳೇ ಪೇಟೆಯಲ್ಲಿ ಕಡಿಮೆ. ಸಿ57 ಕಪ್ಪು ಇಲಿಯಲ್ಲಾದರೆ ಸಿಡಿ8 ಕೋಶಗಳು (ಸೋಂಕು ತಗಲಿದ ಕೋಶಗಳನ್ನು ಕೊಲ್ಲುವ ಟಿ ಕೋಶಗಳು) ಹೆಚ್ಚಾಗಿ ಗುರಿಯಿಡುವ ಸ್ಪೈಕಿನ ತುಣುಕು (539ರಿಂದ 546) ಗೊತ್ತು, ಆ ತುಣುಕನ್ನು ಗುರುತಿಸುವ ಟಿ ಕೋಶಗಳಿಗೆ ಅಂಟಿ ಅವನ್ನು ತೋರಿಸಿಕೊಡುವ ಟೆಟ್ರಾಮರ್ ಕೂಡ ಉಂಟು. ಇಲಿಯನ್ನು ಯಾರೂ ಬಿಡದಿರುವುದು ಇದಕ್ಕಾಗಿ.

ಸ್ಪೈಕ್ ಲಸಿಕೆ ಕೊಟ್ಟ ಇಲಿಯ ಗುಲ್ಮದಿಂದ ಇಂಟರ್‌ಫೆರಾನ್ ಗಾಮಾ ಎಲಿಸ್ಪಾಟ್ (ಆ ಪ್ರೋಟೀನನ್ನು ಬಿಡುವ ಕೋಶಗಳನ್ನು ಚುಕ್ಕೆಗಳಾಗಿ ಎಣಿಸುವ ಪರೀಕ್ಷೆ) ಮಾಡುತ್ತಿದ್ದೇವೆ. ಪೆಪ್ಟೈಡ್ (ಸ್ಪೈಕಿನ ಚಿಕ್ಕ ತುಣುಕು) ಹಾಕದ, ಪ್ಲೇಟಿನ ಗುಳಿಗಳಾದ ವೆಲ್‌ಗಳಲ್ಲೂ ಚುಕ್ಕೆಗಳು ತುಂಬಿಕೊಳ್ಳುತ್ತವೆ. ಏನು ತಪ್ಪಾಗುತ್ತಿದೆ?
– ಎಂ.ಎಸ್ಸಿ. ವಿದ್ಯಾರ್ಥಿ, ಕಾರವಾರ

ಮುಂದಿನ ಪ್ಲೇಟಿನಲ್ಲಿ ಕೋಶಗಳನ್ನೇ ಹಾಕದ ಎರಡು ವೆಲ್ ಇಡಿ. ಅಲ್ಲೂ ಚುಕ್ಕೆ ಬಂದರೆ ಇಲಿಗೂ ಅದಕ್ಕೂ ಸಂಬಂಧವಿಲ್ಲ: ತೊಳೆದದ್ದು ಸಾಲದು, ಎರಡನೇ ಆಂಟಿಬಾಡಿ ಗಂಟುಕಟ್ಟಿದೆ, ಇಲ್ಲವೇ ಬಣ್ಣದ ದ್ರಾವಣ ಹೆಚ್ಚು ಹೊತ್ತು ನಿಂತಿದೆ. ಕೋಶವಿರುವಲ್ಲಿ ಮಾತ್ರ ಬಂದರೆ ಮೊದಲ ಅನುಮಾನ ಕೋಶಗಳಿಗೆ ಹಾಕುವ ಪೋಷಕ ದ್ರವದ ಸೀರಮ್ಮಿನ ಮೇಲಿರಲಿ. ಕೆಲವು ಬ್ಯಾಚಿನ ಸೀರಮ್ ತಾನೇ ಕೋಶಗಳನ್ನು ಕೆರಳಿಸುತ್ತದೆ. ಬೂಸ್ಟರ್ ಆದ ಎರಡು ಮೂರು ದಿನಕ್ಕೇ ಗುಲ್ಮ ತೆಗೆದರೂ ಹೀಗಾದೀತು. 7ರಿಂದ 10 ದಿನ ಬಿಡಿ.

ಗುಲ್ಮವನ್ನು 70 ಮೈಕ್ರಾನ್ ಜಾಲರಿಯಲ್ಲಿ ಸೋಸಿ, ಕೆಂಪು ಕಣ ಒಡೆದು ತೊಳೆದು, ವೆಲ್‌ಗೆ 2 ಲಕ್ಷ ಜೀವಂತ ಕೋಶ ಹಾಕಿ. ಪ್ರತಿ ಪೆಪ್ಟೈಡ್ ಮಿಲಿಲೀಟರಿಗೆ 2 ಮೈಕ್ರೊಗ್ರಾಂ. ಅದನ್ನು ಕರಗಿಸಿದ ಡಿಎಂಎಸ್‌ಒ ಶೇ. 0.5 ಮೀರಿದರೆ ಕೋಶ ಸೊರಗುತ್ತದೆ; ಪೆಪ್ಟೈಡ್ ಇಲ್ಲದ ವೆಲ್‌ಗೂ ಅಷ್ಟೇ ಡಿಎಂಎಸ್‌ಒ ಹಾಕದಿದ್ದರೆ ಹೋಲಿಕೆಗೆ ಅರ್ಥವಿಲ್ಲ. 37 ಡಿಗ್ರಿ, ಶೇ. 5 ಇಂಗಾಲದ ಡೈಆಕ್ಸೈಡ್, 18–20 ಗಂಟೆ. ನಡುವೆ ಪ್ಲೇಟ್ ಅಲುಗಿದರೆ ಚುಕ್ಕೆಗಳಿಗೆ ಬಾಲ ಬರುತ್ತದೆ. ಮಳೆಗಾಲದಲ್ಲಿ ನಮ್ಮ ಕರಾವಳಿಯಲ್ಲಿ ರಾತ್ರಿ ಕರೆಂಟ್ ಹೋಗುವುದು ಹೊಸತಲ್ಲ. ಇನ್‌ಕ್ಯುಬೇಟರ್ ಯುಪಿಎಸ್ ಮೇಲಿಲ್ಲದಿದ್ದರೆ ಆ ರಾತ್ರಿಯ ಎಣಿಕೆ ನಂಬಬೇಡಿ. ಕಾನ್‌ಕನಾವಲಿನ್ ಎ (ಟಿ ಕೋಶಗಳನ್ನೆಲ್ಲ ಕೆರಳಿಸುವ ವಸ್ತು) ಹಾಕಿದ ವೆಲ್ ಖಾಲಿ ಬಂದರೆ ಇಡೀ ಪ್ಲೇಟನ್ನೇ ಲೆಕ್ಕದಿಂದ ಕೈಬಿಡಿ.

ನೀವು ಕೇಳದಿದ್ದರೂ ಇನ್ನೊಂದು ಮಾತು. ಗುಲ್ಮದ ಎಣಿಕೆ ಚೆನ್ನಾಗಿ ಬಂತೆಂದು ಶ್ವಾಸಕೋಶಕ್ಕೆ ರಕ್ಷಣೆ ಸಿಕ್ಕಿತು ಎಂದು ಪ್ರಬಂಧದಲ್ಲಿ ಬರೆಯಬೇಡಿ. ಸ್ನಾಯುವಿಗೆ ಕೊಟ್ಟ ಲಸಿಕೆ ಗುಲ್ಮ ತುಂಬಿಸಿದರೂ ಶ್ವಾಸಕೋಶದಲ್ಲಿ ನೆಲೆ ನಿಲ್ಲುವ ಕೋಶ ಕಡಿಮೆ. ಅದನ್ನು ನೋಡಲು, ಇಲಿಯನ್ನು ಕೊಲ್ಲುವ 3–5 ನಿಮಿಷ ಮೊದಲು ಹೊಳೆಯುವ ಬಣ್ಣ ಕೂಡಿಸಿದ, ಬಿಳಿ ರಕ್ತಕಣಗಳಿಗೆ ಅಂಟುವ ಸಿಡಿ45 ಆಂಟಿಬಾಡಿಯನ್ನು ಬಾಲದ ರಕ್ತನಾಳಕ್ಕೆ ಕೊಡುತ್ತಾರೆ. ಬಣ್ಣ ಹಿಡಿದವು ರಕ್ತದಲ್ಲಿದ್ದವು. ಹಿಡಿಯದೆ ಸಿಡಿ69, ಸಿಡಿ103 ಎಂಬ ಮೇಲ್ಮೈ ಗುರುತು ತೋರುವವು ಅಲ್ಲೇ ನೆಲೆಸಿದವು. ಶ್ವಾಸಕೋಶವನ್ನು ಕೊಲಾಜಿನೇಸಿನಲ್ಲಿ 30–45 ನಿಮಿಷ ಇಟ್ಟರೆ ಸಾಕು; ಹೆಚ್ಚಾದರೆ ಮೇಲ್ಮೈ ಗುರುತುಗಳೇ ಕಳಚುತ್ತವೆ.

ಲಸಿಕೆಯ ಪರೀಕ್ಷೆಗೆ ನಮ್ಮ ಕಾಡಿನ ಮಂಗಗಳನ್ನು ಬಳಸಬಹುದಿತ್ತಲ್ಲ?
– ಒಬ್ಬ ಕೃಷಿಕ, ಸಿದ್ದಾಪುರ

ಕೋವ್ಯಾಕ್ಸಿನ್ ಪರೀಕ್ಷೆಗೆ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಬಳಸಿದ್ದು ರೀಸಸ್ ಮಂಗ. ಅದು ಉತ್ತರದ್ದು, ನಮ್ಮ ಮಂಗ ಬೇರೆ ಜಾತಿ. ರೀಸಸ್‌ನ ಟಿ ಕೋಶಗಳ ಬಗ್ಗೆ ದಶಕಗಳಿಂದ ಮಾಹಿತಿ, ಸಾಮಗ್ರಿ ಎರಡೂ ಕೂಡಿಬಂದಿವೆ. ಸೋಂಕಿನಿಂದ ಚೇತರಿಸಿಕೊಂಡ ರೀಸಸ್‌ಗಳಲ್ಲಿ ಸಿಡಿ8 ಕೋಶ ತೆಗೆದು ಮತ್ತೆ ಸೋಂಕು ಕೊಟ್ಟಾಗ ರಕ್ಷಣೆ ಸ್ವಲ್ಪ ಕುಗ್ಗಿದ್ದು 2020ರ ಕೊನೆಯಲ್ಲಿ ಪ್ರಕಟವಾಯಿತು. ಆಂಟಿಬಾಡಿ ಇಳಿದಾಗ ಟಿ ಕೋಶ ಕೈಹಿಡಿಯುತ್ತದೆ ಎಂಬುದಕ್ಕೆ ಅದೊಂದು ಗಟ್ಟಿ ಸಾಕ್ಷಿ.

ನಿಮ್ಮ ಕಡೆಯ ಕಾಡುಮಂಗಗಳಿಗೆ ಮಂಗನ ಕಾಯಿಲೆಯ ಸೋಂಕು ಮೊದಲೇ ತಗಲಿರಬಹುದು. ಅಂಥ ಪ್ರಾಣಿಯಲ್ಲಿ ಪ್ರಯೋಗದ ಫಲಿತಾಂಶ ಓದುವುದು ಕಷ್ಟ, ಹಿಡಿಯುವವರಿಗೆ ಉಣುಗಿನ ಅಪಾಯ ಬೇರೆ.