ಪ್ರ: ಕ್ರೋಮ್ ಕಾರ್ಡಿನ ಮೇಲೆ ಸಹಿ ಒಡೆದು ಹೋಗುತ್ತಿದೆ, ಏನು ಮಾಡಲಿ?

ಎನ್‌ಎಫ್‌ಎಲ್ (ಅಮೆರಿಕನ್ ಫುಟ್‌ಬಾಲ್ ಲೀಗ್) ನಿವೃತ್ತ ಆಟಗಾರರಿಗೆ ಸಹಿಗಾಗಿ ಅಂಚೆಯಲ್ಲಿ ಕಳಿಸಿದ ಟಾಪ್ಸ್ ಕ್ರೋಮ್ ಕಾರ್ಡುಗಳಲ್ಲಿ (ಟಾಪ್ಸ್ ಕಂಪನಿಯ ಹೊಳಪು ಮೈಯ, ಆಟಗಾರರ ಚಿತ್ರವಿರುವ ಸಂಗ್ರಹ ಕಾರ್ಡುಗಳು) ಶಾರ್ಪಿ ಮಾರ್ಕರ್ ಪೆನ್ನಿನ ಶಾಯಿ ಹನಿಹನಿಯಾಗಿ ಬಿಟ್ಟುಕೊಳ್ಳುತ್ತಿದೆ ಅಂದಿರಲ್ಲ, ತಪ್ಪು ಪೆನ್ನಿನದಲ್ಲ. ಕಾರ್ಡಿನ ಹೊಳಪು ಮೈ ಮೇಲಿನ ನುಣುಪು ಶಾಯಿಯನ್ನು ಹಿಡಿಯಲು ಬಿಡುವುದಿಲ್ಲ. ಕಳಿಸುವ ಮೊದಲು ಹತ್ತಿಯನ್ನು ಚಿಟಿಕೆ ಬೇಬಿ ಪೌಡರಿನಲ್ಲಿ ಅದ್ದಿ, ಸಹಿ ಬೀಳಬೇಕಾದ ಜಾಗದಲ್ಲಷ್ಟೇ ಹಗುರವಾಗಿ ಸುತ್ತುಸುತ್ತಾಗಿ ಉಜ್ಜಿ, ಮೈಕ್ರೋಫೈಬರ್ ಬಟ್ಟೆಯಿಂದ ಪೂರ್ತಿ ಒರೆಸಿ. ಪುಡಿ ಉಳಿದರೆ ಪೆನ್ನಿನ ಮೊನೆಯೇ ಕಟ್ಟಿಕೊಳ್ಳುತ್ತದೆ. ಒತ್ತಿ ಉಜ್ಜಿದರೆ ಗೀರು ಖಂಡಿತ.

1986ರ ಟಾಪ್ಸ್‌ನಂಥ ಹಳೆಯ ರಟ್ಟಿನ ಕಾರ್ಡಿಗೆ ಇದ್ಯಾವುದೂ ಬೇಡ, ಅದು ಶಾಯಿಯನ್ನು ತಾನೇ ಹೀರುತ್ತದೆ. ಆದರೆ ಆ ಸೆಟ್ಟಿನ ಹಸಿರು ಅಂಚು ಬೆರಳು ತಾಗಿದರೂ ಬಿಳಿಚುತ್ತದೆ. ಹೆಸರಾಂತ ಎನ್‌ಎಫ್‌ಎಲ್ ಆಟಗಾರ ಜೆರ್ರಿ ರೈಸ್ ಅವರ ಮೊದಲ ಕಾರ್ಡು, 161ನೇ ಸಂಖ್ಯೆಯದು, ಅದೇ ಸೆಟ್ಟಿನದು. ಅಂಥದ್ದನ್ನು ದಯವಿಟ್ಟು ಅಂಚೆಗೆ ಹಾಕಬೇಡಿ, ಸಹಿ ಕಾರ್ಯಕ್ರಮಕ್ಕೇ ಒಯ್ಯಿರಿ.

ನೀಲಿ ಶಾರ್ಪಿ ಸಾಕು. ಕಪ್ಪು ಹಿನ್ನೆಲೆಗೆ ಮಾತ್ರ ಬೆಳ್ಳಿ ಬಣ್ಣ, ಅದನ್ನೂ ಮೊದಲು ಬೇರೆ ಕಾಗದದ ಮೇಲೆ ಗೀಚಿ ಹರಿವು ನೋಡಿ. ಸಹಿಯಾದ ಕಾರ್ಡನ್ನು ಒಂದು ದಿನ ಬಿಚ್ಚಿಟ್ಟು ಒಣಗಿಸಿ; ಹಸಿಯಾಗಿಯೇ ಕವರಿಗೆ ತುರುಕಿದರೆ ಸಹಿಯ ಅರ್ಧ ಪ್ಲಾಸ್ಟಿಕ್ಕಿಗೆ ಅಂಟುತ್ತದೆ. ಆಮೇಲೆ ತೆಳು ಸ್ಲೀವ್ (ಪ್ಲಾಸ್ಟಿಕ್ ಲಕೋಟೆ), ಅದರ ಮೇಲೆ ಟಾಪ್‌ಲೋಡರ್ (ಗಟ್ಟಿ ಪ್ಲಾಸ್ಟಿಕ್ ಕವಚ). ಕಿಟಕಿ ಬಿಸಿಲಿಗೆ ಮಾತ್ರ ಇಡಬೇಡಿ.