ಚಪಾತಿ ಬಿಸಿ ಇದೆ ಅಂತ ಅಮ್ಮ ಹೇಳಿಯೇ ಇರಲಿಲ್ಲ

ಪ್ರಶ್ನೆ: ನಾನು ದಾವಣಗೆರೆಯವಳು. ಮದುವೆಯಾಗಿ 12 ವರ್ಷ. ನನ್ನ ಬಳೆ ಅಡವಿಟ್ಟು ತಗೊಂಡಿದ್ದ 30-40 ಸೈಟನ್ನು ಯಜಮಾನರು ನನ್ನನ್ನು ಒಂದು ಮಾತೂ ಕೇಳದೆ ಮಾರಿ, ತಮ್ಮನ ಸಾಲ ತೀರಿಸಿದರು. ಅವತ್ತಿನಿಂದ ಮಾತಿಲ್ಲ, ಎಂಟು ತಿಂಗಳಾಯಿತು. ಆದರೆ ಮಗಳ ಮುಂದೆ ಒಂದು ದಿನವೂ ಜಗಳ ಆಡಿಲ್ಲ. ಏನಿದ್ದರೂ ಅವಳ ಕೈಲೇ ಹೇಳಿ ಕಳಿಸುತ್ತೇವೆ. ಅವಳು ನಾಲ್ಕನೇ ಕ್ಲಾಸು. ಈಚೆಗೆ ಸ್ಕೂಲಿಗೆ ಹೊರಡುವ ಹೊತ್ತಿಗೆ ದಿನಾ ಹೊಟ್ಟೆನೋವು. ಸ್ಕ್ಯಾನ್ ಮಾಡಿಸಿದೆವು, ಏನೂ ಇಲ್ಲ ಅಂದರು. ಜೊತೆಗೆ ಸುಳ್ಳು ಕಲಿತಿದ್ದಾಳೆ. ಮೊನ್ನೆ ಅಪ್ಪನ ಹತ್ತಿರ ಹೋಗಿ, ‘ಚಪಾತಿ ಬಿಸಿ ಇದೆ, ಬೇಗ ಬರಬೇಕಂತೆ ಅಮ್ಮ ಕರೀತಿದ್ದಾರೆ’ ಅಂದಳು. ನಾನು ಹೇಳೇ ಇರಲಿಲ್ಲ. ನನಗೆ ಬಂದು, ‘ತಲೆನೋವು ಹೋಯ್ತಾ ಅಂತ ಅಪ್ಪ ಕೇಳಿದ್ರು’ ಅನ್ನುತ್ತಾಳೆ. ಅವರು ಕೇಳಿರಲಿಲ್ಲ. ಇವಳನ್ನು ಹೇಗೆ ತಿದ್ದಲಿ? ಮಗಳಿಗೋಸ್ಕರ ಸಹಿಸಿಕೊಂಡಿರಲಾ, ಬೇರೆಯಾಗಲಾ? ‘ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ, ಸುಮ್ನಿರು’ ಅಂತಾರೆ ನಮ್ಮಮ್ಮ.

ಉತ್ತರ: ಚಪಾತಿ ವಿಷಯಕ್ಕೆ ಬಂದಾಗ ಪತ್ರ ಕೆಳಗಿಟ್ಟೆ ತಂಗಿ. ಸ್ವಲ್ಪ ಹೊತ್ತು ಮುಂದೆ ಓದೋಕೆ ಆಗಲಿಲ್ಲ.

ನಿಮ್ಮ ಮಗಳು ಹೇಳಿದ ಸುಳ್ಳುಗಳನ್ನು ಇನ್ನೊಂದು ಸಲ ನೋಡಿ. ತಿಂಡಿಗಾಗಿ ಅಲ್ಲ, ಮೊಬೈಲಿಗಾಗಿ ಅಲ್ಲ, ಏಟು ತಪ್ಪಿಸಿಕೊಳ್ಳೋಕೂ ಅಲ್ಲ. ಅಡುಗೆಮನೆಯಿಂದ ಹಾಲಿಗೆ ಹೋಗುವ ಆ ಹತ್ತು ಹೆಜ್ಜೆಯಲ್ಲಿ ‘ಊಟಕ್ಕೆ ಬರೋಕೆ ಹೇಳು’ ಅನ್ನೋ ಒಣ ಮಾತಿಗೆ ಒಂದಿಷ್ಟು ಪ್ರೀತಿ ಬೆರೆಸಿ ಅಪ್ಪನಿಗೆ ಕೊಡುತ್ತಾಳೆ. ವಾಪಸ್ ಬರುವಾಗ ನಿಮಗೂ ಒಂದು ತರುತ್ತಾಳೆ. ನೀವಿಬ್ಬರೂ ಎಂಟು ತಿಂಗಳಿಂದ ಮಾಡದ ಕೆಲಸವನ್ನು ಒಂಬತ್ತು ವರ್ಷದ ಮಗು ಮಾಡುತ್ತಿದೆ. ದಯವಿಟ್ಟು ಇದಕ್ಕೆ ಬೈಯಬೇಡಿ. ‘ಎಷ್ಟು ಜಾಣೆ’ ಅಂತ ಹೊಗಳಲೂ ಬೇಡಿ. ಹೊಗಳಿದರೆ ಈ ಕೆಲಸ ತನ್ನದೇ ಅಂದುಕೊಂಡುಬಿಡುತ್ತಾಳೆ.

‘ಮಗಳ ಮುಂದೆ ಜಗಳ ಆಡಿಲ್ಲ’ ಅಂತ ಬರೆದಿದ್ದೀರಿ. ಅದರ ಹಿಂದಿನ ಕಾಳಜಿ ನನಗೆ ಅರ್ಥವಾಗುತ್ತೆ. ಆದರೆ ಮಾತು ಬಿಟ್ಟಿರುವುದೂ ಮಕ್ಕಳ ಲೆಕ್ಕದಲ್ಲಿ ಜಗಳವೇ. ಅಮೆರಿಕದ ನೋಟರ್ ಡೇಮ್ ವಿಶ್ವವಿದ್ಯಾಲಯದ ಮಾರ್ಕ್ ಕಮ್ಮಿಂಗ್ಸ್ ಅನ್ನುವ ಮನಶ್ಶಾಸ್ತ್ರಜ್ಞರು ದಶಕಗಳ ಕಾಲ ಇದನ್ನೇ ಅಧ್ಯಯನ ಮಾಡಿದವರು. ದೊಡ್ಡವರು ಜಗಳ ಆಡುವ ದೃಶ್ಯಗಳನ್ನು ಮಕ್ಕಳಿಗೆ ತೋರಿಸಿ ಅವರ ಮುಖ, ಮಾತು ಎಲ್ಲ ಗಮನಿಸಿದರು. ಕೂಗಾಟ ಇಲ್ಲದ ಮುನಿಸು ಕಂಡಾಗಲೂ ಮಕ್ಕಳು ಕಳವಳಪಟ್ಟರು. ಜಗಳ ಆಡಿದವರು ರಾಜಿಯಾದದ್ದನ್ನು ನೋಡಿದಾಗ ಆ ಕಳವಳ ಬಹಳ ಇಳಿಯಿತು. ಬಾಗಿಲ ಹಿಂದೆ ರಾಜಿಯಾಗಿ, ಆಮೇಲೆ ‘ಸರಿಹೋಯ್ತು’ ಅಂತ ತಿಳಿಸಿದರೂ ಮಕ್ಕಳಿಗೆ ಸಮಾಧಾನ ಆಯಿತು. 1994ರಲ್ಲಿ ಅವರು ಮತ್ತು ಪ್ಯಾಟ್ರಿಕ್ ಡೇವೀಸ್ ಸೇರಿ ಮುಂದಿಟ್ಟ ವಿಚಾರ ಇದು: ಅಪ್ಪ ಅಮ್ಮ ಜಗಳ ಆಡಿದರಾ ಇಲ್ಲವಾ ಅನ್ನೋದಕ್ಕಿಂತ, ನಮ್ಮ ಮನೆ ಉಳಿಯುತ್ತಾ ಅನ್ನೋದೇ ಮಗುವಿನ ಚಿಂತೆ. ನಿಮ್ಮ ಮಗಳಿಗೆ ಈ ಎಂಟು ತಿಂಗಳಲ್ಲಿ ಜಗಳವೂ ಕಾಣಲಿಲ್ಲ, ರಾಜಿಯೂ ಕಾಣಲಿಲ್ಲ. ಏನಾಗಿದೆ ಅಂತ ಅವಳೇ ಊಹೆ ಮಾಡಿಕೊಳ್ಳಬೇಕು. ಈ ವಯಸ್ಸಿನ ಮಕ್ಕಳು ಎಷ್ಟೋ ಸಲ ‘ನನ್ನಿಂದಲೇ ಹೀಗಾಯ್ತು’ ಅಂದುಕೊಳ್ಳುತ್ತಾರೆ.

ಹೊಟ್ಟೆನೋವು ನಾಟಕ ಅಲ್ಲ. ಸ್ಕ್ಯಾನಿನಲ್ಲಿ ಕಾಣದಿದ್ದರೂ ನೋವು ನಿಜವೇ. ಆತಂಕ ಜಾಸ್ತಿಯಾದಾಗ ಹೊಟ್ಟೆ ಹಿಂಡುತ್ತೆ, ದೊಡ್ಡವರಿಗೂ ಪರೀಕ್ಷೆ ದಿನ ಆಗುವುದಿಲ್ವಾ? ಅವಳು ಸ್ಕೂಲಿಗೆ ಹೋದರೆ ಮನೆ ಕಾಯುವವರು ಯಾರು ಅನ್ನುವ ದಿಗಿಲೂ ಇರಬಹುದು ಅಂತ ನನಗನಿಸುತ್ತೆ. ಸ್ಕೂಲಿನಲ್ಲಿ ಬೇರೇನಾದರೂ ತೊಂದರೆ ಇದೆಯಾ ಅಂತ ಟೀಚರನ್ನೂ ಕೇಳಿ. ತೂಕ ಇಳಿದರೆ, ನೋವಿಗೆ ರಾತ್ರಿ ಎಚ್ಚರವಾದರೆ ಮತ್ತೆ ಡಾಕ್ಟರಿಗೆ ತೋರಿಸಿ.

ಇನ್ನು ನಿಮ್ಮ ಸಿಟ್ಟು. ಅದು ನ್ಯಾಯವಾದದ್ದೇ. ನಿಮ್ಮ ಬಳೆ ಹೋಗಿ ಬಂದ ಸೈಟು ಅದು, ನಿಮ್ಮನ್ನು ಕೇಳಬೇಕಿತ್ತು. ಮಗಳಿಗಾಗಿ ಅದನ್ನು ಮರೆತುಬಿಡಿ ಅಂತ ನಾನು ಹೇಳಲ್ಲ. ನಿಮ್ಮಮ್ಮ ಹೇಳುವ ಗಾದೆ ಉಂಡು ಮಲಗಿದರೆ ಮುಗಿಯುವ ಜಗಳಕ್ಕೆ ಸರಿ. ನೀವು ಎಂಟು ತಿಂಗಳು ಉಂಡು ಮಲಗಿದ್ದೀರಿ, ಮುಗಿದಿಲ್ಲ. ಒಂದು ಭಾನುವಾರ ಮಗಳನ್ನು ಅಜ್ಜಿ ಮನೆಗೆ ಕಳಿಸಿ, ಇಬ್ಬರೇ ಕೂತು ದುಡ್ಡಿನ ಮಾತಾಡಿ. ಎಷ್ಟಕ್ಕೆ ಮಾರಿದರು, ತಮ್ಮ ಎಷ್ಟು ಯಾವಾಗ ವಾಪಸ್ ಕೊಡ್ತಾನೆ, ಇನ್ನು ಮುಂದೆ ಇಬ್ಬರ ಒಪ್ಪಿಗೆ ಇಲ್ಲದೆ ಏನೇನು ಮಾಡಬಾರದು, ಎಲ್ಲ ಬರೆದಿಡಿ. ಇಬ್ಬರೇ ಮಾತಾಡೋಕೆ ಆಗದಿದ್ದರೆ ಆಪ್ತಸಮಾಲೋಚಕರ ಮುಂದೆ ಕೂರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416 ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಎಲ್ಲಿಗೆ ಹೋಗಬೇಕು ಅಂತಲೂ ತಿಳಿಸುತ್ತಾರೆ.

ಬೇರೆಯಾಗುವ ಪ್ರಶ್ನೆಗೆ ಈಗಲೇ ಉತ್ತರ ಹುಡುಕಬೇಡಿ. ಅಮೆರಿಕದ ಕುಟುಂಬಗಳನ್ನು ಹಲವು ವರ್ಷ ಹಿಂಬಾಲಿಸಿದ ಸಮಾಜಶಾಸ್ತ್ರಜ್ಞ ಪಾಲ್ ಅಮಾಟೊ ಅವರಿಗೆ ಕಂಡದ್ದು ಇದು: ವಿಪರೀತ ಜಗಳದ ಮನೆ ಒಡೆದಾಗ ಮಕ್ಕಳು ಎಷ್ಟೋ ನಿರಾಳವಾಗುತ್ತಾರೆ, ಜಗಳ ಕಡಿಮೆ ಇದ್ದ ಮನೆ ಒಡೆದಾಗ ಪೆಟ್ಟು ಜಾಸ್ತಿ. ಅಲ್ಲಿನ ಲೆಕ್ಕ ನಮ್ಮೂರಿಗೆ ಹಾಗೆಹಾಗೇ ಹೊಂದಲ್ಲ, ಆದರೂ ಇಲ್ಲಿ ಯೋಚಿಸುವಂಥದ್ದಿದೆ. ನೀವು ಬರೆದಿರುವುದರಲ್ಲಿ ಹೊಡೆತ ಬಡಿತ ಕಾಣಲಿಲ್ಲ. ಬರೆಯದೇ ಬಿಟ್ಟಿದ್ದರೆ ನನ್ನ ಸಲಹೆಯೇ ಬೇರೆ. ಆಗ ಮೊದಲು ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ನಿಮ್ಮ ಜೊತೆ ಇದೆ.

ಸೈಟಿನ ವಿಷಯ ಬಗೆಹರಿಯೋಕೆ ತಿಂಗಳುಗಳೇ ಬೇಕಾಗಬಹುದು. ಮಗಳ ಕೈಲಿ ಹೇಳಿ ಕಳಿಸುವುದನ್ನು ಮಾತ್ರ ಇವತ್ತು ರಾತ್ರಿಯೇ ನಿಲ್ಲಿಸಿ. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ‘ಅಪ್ಪಂಗೂ ನಂಗೂ ದುಡ್ಡಿನ ವಿಷಯಕ್ಕೆ ಬೇಜಾರಾಗಿದೆ. ನಿನ್ನಿಂದ ಅಲ್ಲ ಪುಟ್ಟಿ. ಅದನ್ನ ನಾವಿಬ್ಬರೇ ಮಾತಾಡಿಕೊಳ್ತೀವಿ’ ಅನ್ನಿ. ಆಮೇಲೆ ಹಾಲಿನ ಬಾಗಿಲಿಗೆ ನೀವೇ ಹೋಗಿ, ‘ಊಟಕ್ಕೆ ಬನ್ನಿ’ ಅನ್ನಿ. ಎರಡೇ ಪದ ಸಾಕು. ದನಿಯಲ್ಲಿ ಪ್ರೀತಿ ಇಲ್ಲದಿದ್ದರೂ ಪರವಾಗಿಲ್ಲ. ಅಭ್ಯಾಸಬಲದಿಂದ ಅವಳು ಎದ್ದು ಓಡಿ ಬರುತ್ತಾಳೆ. ‘ನೀನು ಕೂತ್ಕೋ ಪುಟ್ಟಿ, ಅಪ್ಪಂಗೆ ನಾನೇ ಹೇಳಿದೆ’ ಅನ್ನಿ.