ಕೆನೆ ಬಿಳಿಯೋ, ಬೂದು ಬಿಳಿಯೋ: ಕೆಂಪು ನೆಲದ ಹಾಲ್‌ಗೆ ಯಾವುದು ಹೊಂದುತ್ತದೆ?

ನಿಮ್ಮ ಹಾಲ್‌ನದು ರೆಡ್ ಆಕ್ಸೈಡ್ ನೆಲ, ಇರುವ ಒಂದೇ ಕಿಟಕಿ ಉತ್ತರಕ್ಕೆ. ಎರಡು ಆಫ್ ವೈಟ್ ಆರಿಸಿಟ್ಟಿದ್ದೀರಿ, ಒಂದು ಕೆನೆ ಕಡೆಗೆ, ಇನ್ನೊಂದು ಬೂದು ಕಡೆಗೆ. ಶೇಡ್ ಕಾರ್ಡಿನಲ್ಲಿ ಎರಡೂ ಒಂದೇ ಥರ ಕಾಣುತ್ತಿವೆ, ಸೋಮವಾರ ಪೇಂಟರ್ ಬರುತ್ತಾರೆ ಅಂತ ಬರೆದಿದ್ದೀರಿ.

ಕೆನೆ ಬಣ್ಣವನ್ನೇ ಹೊಡೆಸಿ. ನಾನು ಬೂದು ಹೊಡೆಸಿ ಅನುಭವಿಸಿದ್ದೇನೆ, ಅದಕ್ಕೇ ಇಷ್ಟು ಖಂಡಿತವಾಗಿ ಹೇಳುತ್ತಿದ್ದೇನೆ. ಮೈಸೂರಿನ ನಮ್ಮ ಹಳೇ ಮನೆಯಲ್ಲೂ ಇದೇ ಕೆಂಪು ನೆಲ, ಇದೇ ಉತ್ತರದ ಕಿಟಕಿ. ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ಆ ಬೂದು ತುಂಬಾ ಚೆನ್ನಾಗಿತ್ತು. ಎರಡು ಕೋಟ್ ಒಣಗಿದ ಮೇಲೆ ನೋಡಿದರೆ, ನೆಲದಿಂದ ಒಂದೆರಡು ಅಡಿ ಎತ್ತರದ ತನಕ ಗೋಡೆ ತೆಳು ಗುಲಾಬಿ, ಅದರ ಮೇಲೆಲ್ಲ ನೀಲಿಗೆ ತಿರುಗಿದ ಬಿಳಿ! ಮೋಡ ಕವಿದ ದಿನವಂತೂ ಇಡೀ ಹಾಲ್ ಮಂಕು. ಅಮ್ಮ ಹಗಲಲ್ಲೇ ಲೈಟ್ ಹಾಕುತ್ತಿದ್ದರು.

ಪೇಂಟರ್ ತಪ್ಪೇನೂ ಇರಲಿಲ್ಲ. ಕೆಂಪು ನೆಲಕ್ಕೆ ಬಿದ್ದ ಬೆಳಕು ಕೆಂಪಾಗಿಯೇ ಗೋಡೆಯ ಬುಡಕ್ಕೆ ಹಾರುತ್ತದೆ. ಉತ್ತರದ ಕಿಟಕಿಗೆ ವರ್ಷದ ಬಹುಪಾಲು ನೇರ ಬಿಸಿಲಿಲ್ಲ, ಆಕಾಶದ ಬೆಳಕೇ ಜಾಸ್ತಿ, ಅದರಲ್ಲಿ ನೀಲಿ ಇರುತ್ತದೆ. ಬೂದು ಬಿಳಿ ಇವೆರಡನ್ನೂ ಎತ್ತಿ ತೋರಿಸುತ್ತದೆ. ಕೆನೆಯಲ್ಲಿರುವ ಹಳದಿ ಆ ನೀಲಿಯನ್ನು ತಗ್ಗಿಸುತ್ತದೆ, ಕೆಂಪಿನ ಜೊತೆಗೂ ಹೊಂದಿಕೊಳ್ಳುತ್ತದೆ.

ಹಿಂದೆ ಸುಣ್ಣಕ್ಕೆ ಚಿಟಿಕೆ ನೀಲಿ ಬೆರೆಸುತ್ತಿದ್ದರು, ಅಲ್ವಾ? ಹಳದಿ ಛಾಯೆ ಹೋಗಿ ಗೋಡೆ ಬೆಳ್ಳಗೆ ಕಾಣಲಿ ಅಂತ. ಅಷ್ಟು ಸಣ್ಣ ಚಿಟಿಕೆಗೇ ಇಡೀ ಗೋಡೆ ಬೇರೆಯಾಗುತ್ತಿತ್ತು. ಆಫ್ ವೈಟ್ ಒಳಗೂ ಹೀಗೇ ಒಂದೊಂದು ಹನಿ ಹಳದಿ, ಕಪ್ಪು ಅಡಗಿರುತ್ತದೆ. ಶೇಡ್ ಕಾರ್ಡನ್ನು ಅಚ್ಚ ಬಿಳಿ ಎ4 ಹಾಳೆಯ ಮೇಲಿಟ್ಟು ನೋಡಿ, ಅದು ತಕ್ಷಣ ಹೊರಬೀಳುತ್ತದೆ.

ಆದರೂ ನನ್ನ ಮಾತು ನಂಬಿ ಸುಮ್ನೆ ಹೊಡೆಸಬೇಡಿ. ಎರಡೂ ಬಣ್ಣದ ಚಿಕ್ಕ ಡಬ್ಬ ತಂದು, ಎರಡು ದೊಡ್ಡ ಡ್ರಾಯಿಂಗ್ ಹಾಳೆಗಳಿಗೆ ಅಂಚಿನ ತನಕ ಎರಡೆರಡು ಕೋಟ್ ಬಳಿಯಿರಿ. ರಾತ್ರಿಯಿಡೀ ಒಣಗಲಿ, ಎಮಲ್ಷನ್ ಒಣಗಿದಾಗ ಸಾಮಾನ್ಯವಾಗಿ ತುಸು ಗಾಢವಾಗುತ್ತದೆ. ಮೊದಲು ನೆಲಕ್ಕೆ ತಾಗುವ ಹಾಗೆ ಅಂಟಿಸಿ, ಆಮೇಲೆ ಕಿಟಕಿಯಿಂದ ದೂರದ ಮೂಲೆಯಲ್ಲಿ. ಹಳೇ ಗೋಡೆಯ ಮೇಲೇ ಒಂದು ಪಟ್ಟೆ ಎಳೆದು ನೋಡುವವರು ಜಾಸ್ತಿ, ಆದರೆ ಸುತ್ತಲಿನ ಹಳೇ ಬಣ್ಣ ಕಣ್ಣಿಗೆ ಮೋಸ ಮಾಡುತ್ತದೆ.

ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ರಾತ್ರಿ ಲೈಟ್ ಹಾಕಿ ಒಮ್ಮೆ ನೋಡಿ. ಬಲ್ಬಿನ ಡಬ್ಬದ ಮೇಲೆ 6500 ಕೆ ಅಂತಿದ್ದರೆ ಬೆಳಕು ನೀಲಿ ಬಿಳಿ, 3000 ಕೆ ಆದರೆ ಹಳದಿ. ಹಳದಿ ಬಲ್ಬ್ ಇದ್ದರೆ ಕೆನೆಯಲ್ಲೇ ತೀರಾ ತೆಳುವಾದದ್ದನ್ನು ಆರಿಸಿ, ಇಲ್ಲದಿದ್ದರೆ ರಾತ್ರಿ ಗೋಡೆ ಬೆಣ್ಣೆ ಬಣ್ಣಕ್ಕೆ ತಿರುಗುತ್ತದೆ.

ಬಣ್ಣವನ್ನೆಲ್ಲ ಒಂದೇ ಸಲ ಮಿಕ್ಸ್ ಮಾಡಿಸಿ ತನ್ನಿ, ಡಬ್ಬದ ಮೇಲಿನ ಶೇಡ್ ಕೋಡ್ ಫೋಟೋ ತೆಗೆದಿಟ್ಟುಕೊಳ್ಳಿ. ಮುಂದೆ ಟಚ್‌ಅಪ್‌ಗೆ ಬೇಕಾಗುತ್ತದೆ. ಹಾಳೆ ನೋಡಿದ ಮೇಲೂ ಬೂದೇ ಮನಸ್ಸಿಗೆ ಹಿಡಿಸಿದರೆ, ಕೆಂಪು ನೆಲ ಇಲ್ಲದ ಕೋಣೆಗೆ ಅದನ್ನು ಹೊಡೆಸಿ. ಹಾಲ್‌ಗೆ ಮಾತ್ರ ಬೇಡ.